ಸದ್ದು ಮುಂದ, ಗಾಡಿ ಹಿಂದ

ಉಗರಗೋಳ ದಾಟಿ ಎಲ್ಲಮ್ಮನ ಗುಡ್ಡದ ಏರು ಹಿಡಿದಾಗ ನನ್ನ ಗಾಡಿ ಹೊಸದೊಂದು ಆಟ ಹೂಡಿತು. ರೇಸ್ ಕೊಟ್ಟಷ್ಟೂ ಸದ್ದು ಏರುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಎಂಜಿನ್ನು ಆಗಲೇ ಗುಡಿ ಮುಟ್ಟಿ ಅಲ್ಲಿಂದ ನಮ್ಮನ್ನು ಕೂಗಿ ಕರೆಯುವಂತಿತ್ತು. ಚಕ್ರಗಳು ಇನ್ನೂ ಊರ ಅಗಸಿಯ ಬಳಿ ಯಾರನ್ನೋ ಮಾತಾಡಿಸುತ್ತ ನಿಂತಂತಿದ್ದವು. ಹಿಂದೆ ಕೂತಿದ್ದ ಸೋದರಮಾವ ತೊಡೆಯ ಮೇಲಿನ ಹೋಳಿಗೆ ಬುಟ್ಟಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಬಗ್ಗಿ ಚಕ್ರ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಅಳಿಯಾ, ಸದ್ದು ಮುಂದ ಹೊಂಟೈತಿ, ಗಾಡಿ ಹಿಂದ ಉಳದೈತಿ" ಅಂದರು.

ನಾನು ಇನ್ನಷ್ಟು ರೇಸ್ ಕೊಟ್ಟೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅದೊಂದು ಚಟ. ಹುಡುಗರಿಗೆ ತಿಳಿಯಲಿಲ್ಲ ಅಂದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವುದು. ಗಾಡಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕಾಲ್ನಡಿಗೆಯಲ್ಲಿ ಹೊರಟಿದ್ದ ಒಬ್ಬ ಮುದಿ ಜೋಗಮ್ಮ, ಬಗಲಲ್ಲಿ ಚೌಡಿಕೆ, ಹಣೆ ತುಂಬ ಭಂಡಾರ, ನಮ್ಮನ್ನು ಸಲೀಸಾಗಿ ದಾಟಿ ಮುಂದೆ ಹೋದಳು. ಹೋದಾಕೆ ಸುಮ್ಮನೆ ಹೋಗಲಿಲ್ಲ. ತಿರುಗಿ ನೋಡಿ, "ಯಪ್ಪಾ, ನಿನ್ನ ಗಾಡಿ ಶ್ರುತಿ ಹಿಡ್ಯಾಕತ್ತೈತಿ ನೋಡು" ಅಂದಳು. ಅವಳ ಮಾತು ಸುಳ್ಳಾಗಿರಲಿಲ್ಲ. ಚೌಡಿಕೆಗೆ ಇರುವುದು ಒಂದೇ ತಂತಿ; ಅದನ್ನು ಬಿಗಿದಂತೆಲ್ಲ ದನಿ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನನ್ನ ಗಾಡಿಯ ಸದ್ದೂ ಹಾಗೇ 'ಒಂಯ್' ಎಂದು ಏರಿ, ಕೈ ಸಡಿಲಿಸಿದೊಡನೆ 'ಒಂಡ್' ಎಂದು ಇಳಿಯುತ್ತಿತ್ತು. ಹಾಡು ಚೆನ್ನಾಗಿತ್ತು. ಗುಡಿ ಹತ್ತಿರ ಬರುತ್ತಿರಲಿಲ್ಲ.

ಕ್ಲಚ್ಚು ಜಾರುತ್ತಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಮಾವನವರ ಮುಂದೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೆ.

ಈ ಕ್ಲಚ್ಚಿನ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ನಿಂತ ದಲ್ಲಾಳಿ ಇದು. ಒಂದರ ಮೇಲೊಂದು ಒತ್ತಿ ಕೂತ ಪ್ಲೇಟುಗಳು. ಒಂದು ಕಬ್ಬಿಣದ್ದು, ಒಂದು ಕಾರ್ಕಿನದು, ಮತ್ತೆ ಕಬ್ಬಿಣ, ಮತ್ತೆ ಕಾರ್ಕು. ಸ್ಪ್ರಿಂಗುಗಳು ಅವನ್ನು ಬಿಗಿಯಾಗಿ ಅವುಚಿ ಹಿಡಿದಿರುವ ತನಕ ಎಂಜಿನ್ನಿನ ಮಾತು ಚಕ್ರಕ್ಕೆ ಮುಟ್ಟುತ್ತದೆ. ನಾವು ಲಿವರ್ ಹಿಡಿದೆವೆಂದರೆ ಪ್ಲೇಟು ಬಿಟ್ಟುಕೊಳ್ಳುತ್ತವೆ. ಅಂದರೆ ನಮ್ಮ ಕೈ ಹಿಡಿದರೆ ಅದು ಬಿಡುತ್ತದೆ, ನಮ್ಮ ಕೈ ಬಿಟ್ಟರೆ ಅದು ಹಿಡಿಯುತ್ತದೆ. ಒಮ್ಮೆ ಒಂಬತ್ತನೆಯ ಇಯತ್ತೆಯಲ್ಲಿ ಇದನ್ನೇ ಒಗಟು ಮಾಡಿ ಕೇಳಿದ್ದೆ: "ಹಿಡದ್ರ ಬಿಡ್ತೈತಿ, ಬಿಟ್ರ ಹಿಡಿತೈತಿ, ಹೇಳ್ರಿ ಏನು?" ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನೆಗಡಿ ರೀ ಸರ" ಅಂದ. ನಾನು ಅವನಿಗೆ ಪೂರ್ತಿ ಅಂಕ ಕೊಟ್ಟೆ. ಕ್ಲಚ್ಚಿಗೆ ಕನ್ನಡದಲ್ಲಿ ಏನಂತಾರೆ ಎಂದು ಅವನೇ ಮರುದಿನ ಕೇಳಿದ. 'ಕ್ಲಚ್ಚು' ಅಂತಾರೆ ಎಂದೆ.

ಗಾಡಿಯದೂ ಒಂದು ಕತೆ ಹೇಳಬೇಕು. ಅದು 1981ರ ಯೆಜ್ಡಿ ರೋಡ್‌ಕಿಂಗ್. ನಮ್ಮಪ್ಪ 1988ರಲ್ಲಿ ನವಿಲುತೀರ್ಥದ ಡ್ಯಾಮಿನ ಕಾಲೊನಿಯಲ್ಲಿದ್ದ ಒಬ್ಬ ಓವರ್‌ಸೀಯರರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅಪ್ಪನಿಗೆ ಗುಡ್ಡದ ಮೇಲೆ ಹಣ್ಣು ಕಾಯಿ ಅಂಗಡಿ ಇತ್ತು. ತೆಂಗಿನಕಾಯಿ ಚೀಲ ಹೊರಲು ಒಂದು ಗಟ್ಟಿ ಗಾಡಿ ಬೇಕಿತ್ತು. ಓವರ್‌ಸೀಯರರು "ಇದು ಮೈಸೂರಿನ ಗಾಡಿ ನೋಡ್ರಿ, ಮರ್ಯಾದಿಯಿಂದ ನಡಸ್ರಿ" ಎಂದು ಹೇಳಿ ಕೀಲಿ ಕೊಟ್ಟರಂತೆ. ಅಪ್ಪ ಅವತ್ತಿನಿಂದ ಅದನ್ನು ಹೆಸರು ಹಿಡಿದು ಕರೆಯಲೇ ಇಲ್ಲ. 'ಮೈಸೂರಾಕಿ' ಅನ್ನುತ್ತಿದ್ದ. "ಮೈಸೂರಾಕಿ ಇವತ್ತ ಸಿಟ್ಟಿಗೆದ್ದಾಳ." "ಮೈಸೂರಾಕಿಗೆ ಎಣ್ಣಿ ಬೇಕಂತ." ಹೊರಗಿನವರು ಕೇಳಿದರೆ ಬೇರೆಯೇ ಅರ್ಥ ಮಾಡಿಕೊಳ್ಳುವಂತಿತ್ತು. ನಮ್ಮವ್ವ ಮಾತ್ರ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. "ಸವತಿ ಆದ್ರೂ ಮನಿಗೆ ಬಂದಾಕಿ" ಎಂದು ಪ್ರತಿ ಹುಣ್ಣಿಮೆಗೆ ಹ್ಯಾಂಡಲಿಗೆ ಭಂಡಾರ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದಳು. ಈ ಭಂಡಾರದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿರಲಿಲ್ಲ.

ಮೈಸೂರಾಕಿಯ ತವರುಮನೆ ನಿಜವಾಗಿ ಮೈಸೂರೂ ಅಲ್ಲ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲಿನ ನಕ್ಷೆಗಳನ್ನು ಕೊಂಡ. ತನ್ನ ಹೆಸರಿನ ಎರಡಕ್ಷರ (JA), ಅದರ ಹೆಸರಿನ ಎರಡಕ್ಷರ (WA) ಕೂಡಿಸಿ 'ಜಾವಾ' ಮಾಡಿದ. ನಮ್ಮಲ್ಲಿ ಮದುವೆ ಕಾರ್ಡಿನ ಮೇಲೆ ಗಂಡಿನ ಹೆಸರು ಹೆಣ್ಣಿನ ಹೆಸರು ಕೂಡಿಸುತ್ತಾರಲ್ಲ, ಹಾಗೆ. ಆಮೇಲೆ ರುಸ್ತುಂ ಇರಾನಿ, ಫರೂಖ್ ಇರಾನಿ ಎಂಬ ಪಾರಸಿಗಳು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮರುವರ್ಷವೇ ಯಾದವಗಿರಿಯ ಕಾರಖಾನೆಯಿಂದ ಗಾಡಿಗಳು ಹೊರಬಿದ್ದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಎಂಬ ಊರಿನಿಂದ ಆ ಹೆಸರು ಬಂತು ಎನ್ನುತ್ತಾರೆ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರಖಾನೆಗೆ ಬೀಗ ಬಿತ್ತು. ಚೆಕ್ ದೇಶದಲ್ಲಿ ಹುಟ್ಟಿ, ಪಾರಸಿಗಳ ಕೈಯಲ್ಲಿ ಬೆಳೆದು, ಮೈಸೂರಿನ ನೀರು ಕುಡಿದು, ಕೊನೆಗೆ ಉಗರಗೋಳದಲ್ಲಿ ತೆಂಗಿನಕಾಯಿ ಹೊರಲು ಬಂದವಳು ಇವಳು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು. ಎರಡು ಬಾಯಿಂದ ಒಂದೇ ಮಾತಾಡುವವಳು. ನಮ್ಮ ಕಡೆಯ ಮಾತು ಅವಳಿಗೆ ಹತ್ತಲು ವೇಳೆ ಹಿಡಿದಿದ್ದರೆ ಆಶ್ಚರ್ಯವಿಲ್ಲ.

ಅಪ್ಪ ಅವಳಿಗೆ ನಮ್ಮೂರ ರೀತಿ ರಿವಾಜು ಕಲಿಸಿದ. ಕಮ್ಮಾರನ ಕಡೆ ಹೋಗಿ ಹಿಂದೆ ಕಬ್ಬಿಣದ ಪಟ್ಟಿಯ ದೊಡ್ಡ ಕ್ಯಾರಿಯರ್ ಬೆಸೆಸಿದ. ಎರಡೂ ಬದಿಗೆ ಚೀಲ ತೂಗುಹಾಕಲು ಕೊಂಡಿ ಮಾಡಿಸಿದ. ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಹಾಕಿಸಿದ. ಹಾಗೆ ಮಾಡಿದರೆ ಓಟ ಕಡಿಮೆಯಾಗುತ್ತದೆ, ಎಳೆತ ಹೆಚ್ಚುತ್ತದೆ. ಧಾರವಾಡಕ್ಕೆ ಹೋಗುವಾಗ ಎಲ್ಲರೂ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಗುಡ್ಡ ಹತ್ತುವಾಗ ನಾವು ಎಲ್ಲರನ್ನೂ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ದಾರಿಯ ತುಂಬ ಚಕ್ಕಡಿಗಳು, ಕೊಂಬಿಗೆ ಬಣ್ಣ ಬಳಿದ ಎತ್ತುಗಳು, ಗೆಜ್ಜೆ, ಬೇವಿನ ಸೊಪ್ಪು, 'ಉಧೋ ಉಧೋ' ಎಂಬ ಕೂಗು. ಅದರ ನಡುವೆ ಎರಡು ಚೀಲ ಕಾಯಿ ಹೊತ್ತು 'ಡುಗ್ ಡುಗ್' ಎಂದು ಹೊಗೆ ಬಿಡುತ್ತ ಹೊರಟ ಅಪ್ಪ. ಎತ್ತುಗಳು ಬೆದರಬಾರದೆಂದು ಅವುಗಳ ಹತ್ತಿರ ಬಂದಾಗ ರೇಸ್ ಇಳಿಸುತ್ತಿದ್ದ. ಎತ್ತಿನ ಮೇಲಿನ ಆ ಮರ್ಯಾದೆ ಮನುಷ್ಯರ ಮೇಲೆ ಇರಲಿಲ್ಲ. ಅವರ ಹತ್ತಿರ ಬಂದಾಗ ಹಾರ್ನ್ ಹೊಡೆಯುತ್ತಿದ್ದ.

ಈ ಗಾಡಿಯಲ್ಲಿ ಅಪ್ಪನಿಗೆ ಬಹಳ ಸೇರಿದ್ದು ಒಂದು ಸಂಗತಿ. ಇದರಲ್ಲಿ ಕಿಕ್ಕೂ ಅದೇ, ಗೇರೂ ಅದೇ, ಒಂದೇ ಕಡ್ಡಿ. ಒಳಕ್ಕೆ ಒತ್ತಿ ಹಿಂದೆ ತಿರುವಿದರೆ ಕಿಕ್ಕು, ಮತ್ತೆ ಮುಂದಕ್ಕೆ ತಂದರೆ ಗೇರು. ಅದಕ್ಕಿಂತ ಹೆಚ್ಚಿನದೆಂದರೆ, ಕಾಲಲ್ಲಿ ಗೇರಿನ ಕಡ್ಡಿ ಒತ್ತಿದಾಗ ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಕೈಯ ಕೆಲಸವೇ ಇಲ್ಲ. ನಿಂತಲ್ಲಿಂದ ಹೊರಡುವಾಗ ಒಂದು ಸಲ ಲಿವರ್ ಹಿಡಿದರೆ ಮುಗಿಯಿತು. ಆಮೇಲೆ ಅಪ್ಪನ ಎಡಗೈಗೆ ರಜೆ. ಆ ಕೈಯಲ್ಲಿ ಅವನು ಚೀಲದ ಬಾಯಿ ಹಿಡಿಯುತ್ತಿದ್ದ, ಟವೆಲಿನಿಂದ ಬೆವರು ಒರೆಸುತ್ತಿದ್ದ, ಎದುರು ಬಂದವರಿಗೆ ಕೈ ಎತ್ತುತ್ತಿದ್ದ, ತಂಬಾಕು ಕೂಡ ತಿಕ್ಕುತ್ತಿದ್ದ. ಕ್ಲಚ್ಚಿನ ಲಿವರ್ ಎಂಬುದು ಅವನ ಪಾಲಿಗೆ ಹ್ಯಾಂಡಲಿನ ಎಡಕ್ಕೆ ಇದ್ದ ಒಂದು ಅಲಂಕಾರ. ಅದರ ಕೇಬಲ್ಲಿಗೆ ಅವನು ಒಂದು ಹನಿ ಎಣ್ಣೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷ. ಅಂಗಡಿ ಇಲ್ಲ. ಮೈಸೂರಾಕಿ ಮಾತ್ರ ಪಡಸಾಲೆಯ ಪಕ್ಕ ಗೋಣಿಚೀಲ ಹೊದ್ದು ನಿಂತಿದ್ದಳು. ನಾನು ರಿಟಾಯರ್ ಆದ ಮೇಲೆ ಧಾರವಾಡದಿಂದ ಊರಿಗೆ ಬಂದು ಹೋಗುವುದು ಹೆಚ್ಚಾಯಿತು, ಅವಳ ಮೇಲೆ ಮನಸ್ಸೂ ಆಯಿತು. ಈಗ ಹಳೆಯ ಗಾಡಿಗೆ ಒಂದು ಕಾಲ ಬಂದಿದೆ. ಜುಲೈ ತಿಂಗಳ ಎರಡನೆಯ ರವಿವಾರ ದೊಡ್ಡ ಊರುಗಳಲ್ಲಿ ಜಾವಾ, ಯೆಜ್ಡಿಯವರೆಲ್ಲ ಕೂಡಿ ಮೆರವಣಿಗೆ ತೆಗೆಯುತ್ತಾರೆ. ತಲೆಗೂದಲು ಕಪ್ಪು ಮಾಡಿಸಿಕೊಂಡ ನನ್ನಂಥವರೇ ಅದರಲ್ಲಿ ಹೆಚ್ಚು. ನಾನೂ ಪೇಂಟ್ ಹೊಡೆಸಿದೆ. ಟೈರು, ಬ್ಯಾಟರಿ ಬದಲಿಸಿದೆ. ಅಪ್ಪನ ಕ್ಯಾರಿಯರ್ ತೆಗೆಯಲು ಹೋದಾಗ ಅವ್ವ ಅಡ್ಡ ಬಂದಳು, ಬಿಟ್ಟೆ. ನನ್ನ ಕಡೆಯಿಂದಲೂ ಏನಾದರೂ ಆಗಬೇಕಲ್ಲ ಎಂದು ಹ್ಯಾಂಡಲ್ ಬದಲಿಸಿದೆ. ಬೆನ್ನುನೋವು ಒಂದು ನೆಪ. ನಿಜ ಹೇಳಬೇಕೆಂದರೆ ಮಗಳ ಮೊಬೈಲಿನಲ್ಲಿ ಎತ್ತರದ ಹ್ಯಾಂಡಲಿನ ಒಂದು ಗಾಡಿಯ ಚಿತ್ರ ನೋಡಿದ್ದೆ. ಅದರ ಮೇಲೆ ಕೂತವನು ಎರಡೂ ಕೈ ಎತ್ತರಕ್ಕೆ ಚಾಚಿ ರಾಜನ ಹಾಗೆ ಕಾಣುತ್ತಿದ್ದ. ನಾನು ಕೂತಾಗ, ಹೆಂಡತಿಯ ಮಾತಿನಲ್ಲಿ, "ಅಟ್ಟದ ಮ್ಯಾಲಿನ ಡಬ್ಬಿ ಇಳಸೂ ಹಾಂಗ" ಕಾಣುತ್ತಿದ್ದೆ.

ಹೀಗೆ ಅಲಂಕಾರಗೊಂಡವಳನ್ನು ಏರಿ, ಮಾವನವರನ್ನು ಹಿಂದೆ ಕೂರಿಸಿಕೊಂಡು, ಹೋಳಿಗೆಯ ನೈವೇದ್ಯದಿಂದ ದೇವಿಯ ಪಡ್ಡಲಗಿ ತುಂಬಿಸುವುದಕ್ಕೆ ಗುಡ್ಡಕ್ಕೆ ಹೊರಟ ದಿನವೇ ಕ್ಲಚ್ಚು ಜಾರಿದ್ದು.

ರಸ್ತೆ ಬದಿಗೆ ನಿಲ್ಲಿಸಿದೆ. ಎಲ್ಲಮ್ಮನ ದಾರಿಯಲ್ಲಿ ಗಾಡಿ ನಿಂತರೆ ವೈದ್ಯರಿಗೆ ಬರವಿಲ್ಲ. ಒಬ್ಬ ಪ್ಲಗ್ಗು ಅಂದ. ಒಬ್ಬ ಪೆಟ್ರೋಲಿನಾಗ ನೀರು ಸೇರೈತಿ ಅಂದ. ಕಾಯಿ ಒಡೆಸಿಕೊಂಡು ಇಳಿಯುತ್ತಿದ್ದ ಒಬ್ಬ ಹರಕೆ ಏನಾರ ಬಾಕಿ ಐತೇನ್ರಿ ಎಂದು ಕೇಳಿದ. ಮಾವನವರು ಹೋಳಿಗೆ ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು, ತಮ್ಮ ಜೀವಮಾನದ ಕಮತವನ್ನೆಲ್ಲ ಕಣ್ಣ ಮುಂದೆ ತಂದುಕೊಂಡು ಹೇಳಿದರು: "ಎತ್ತು ಜಗ್ಗಾಕತ್ತೈತಿ, ಬಂಡಿ ಬರವಲ್ದು ಅಂದ್ರ ಮಿಣಿ ತಪ್ಪೈತಿ. ಹಗ್ಗಾ ನೋಡಲೇ ಮೊದಲ." ನಾನು ನಕ್ಕೆ. ಇದು ಬಂಡಿಯಲ್ಲ ಮಾಮಾ, ಮಷಿನು, ಇದರೊಳಗೆ ಕ್ಲಚ್ ಪ್ಲೇಟು ಅಂತ ಇರುತ್ತವೆ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು, "ಹೌದೇನು?" ಎಂದು ಬುಟ್ಟಿ ಎತ್ತಿಕೊಂಡು, ಹಿಂದೆ ಬರುತ್ತಿದ್ದ ಒಂದು ಚಕ್ಕಡಿ ಹತ್ತಿ ಗುಡ್ಡಕ್ಕೆ ಹೋದರು. ನಾನು ಇಳಿಜಾರಿನಲ್ಲಿ ಗಾಡಿಯನ್ನು ತಿರುಗಿಸಿ ನ್ಯೂಟ್ರಲ್ ಮಾಡಿ ಮನೆಗೆ ಬಂದೆ. ಇಳಿಯುವಾಗ ಅದಕ್ಕೆ ಏನೂ ಆಗಿರಲಿಲ್ಲ.

ಮರುದಿನ ನಾನೇ ರಿಪೇರಿಗೆ ಕೂತೆ. ಓದಿದವನಿಗೆ ಬಾರದ್ದೇನಿದೆ ಎಂಬ ಗರ್ವ ಒಂದು, ಮಿಸ್ತ್ರಿಗೆ ಕೊಡುವ ದುಡ್ಡು ಉಳಿಯಲಿ ಎಂಬ ಆಸೆ ಒಂದು. ಅಂಗಳದಲ್ಲಿ ತಾಡಪತ್ರಿ ಹಾಸಿ, ಎಣ್ಣೆ ಬಸಿದು, ಗೇರಿನ ಕಡ್ಡಿ ಕಳಚಿ, ಎಡಬದಿಯ ಮುಚ್ಚಳ ಬಿಚ್ಚಿದೆ. ಯೆಜ್ಡಿಯ ಕ್ಲಚ್ ಸ್ಪ್ರಿಂಗನ್ನು ಒತ್ತಿ ಹಿಡಿದುಕೊಂಡೇ ಅದರ ಸಣ್ಣ ಪಿನ್ನು ಕೀಳಬೇಕು. ಒತ್ತುವುದಕ್ಕೆ ಒಂದು ಬೇರೆ ಹತಾರವೇ ಇದೆ. ನನ್ನ ಹತ್ತಿರ ಇದ್ದದ್ದು ಒಂದು ಸ್ಕ್ರೂಡ್ರೈವರ್, ಒಂದು ಇಕ್ಕಳ, ಮತ್ತು ಮಗ್ಗುಲಲ್ಲಿ ಕೂತು "ನಿಮ್ಮಪ್ಪ ಹಿಂಗ ಬಿಚ್ಚತಿರಲಿಲ್ಲ" ಎಂದು ಕಾಳು ಆರಿಸುತ್ತಿದ್ದ ಅವ್ವ. ಮೊದಲ ಪಿನ್ನು ಹಾರಿ ಹೊಟ್ಟಿನ ಗುಂಪಿಯಲ್ಲಿ ಬಿತ್ತು. ಅದನ್ನು ಹುಡುಕುವುದರಲ್ಲಿ ಬೆಳಗು ಕಳೆಯಿತು. ಮಧ್ಯಾಹ್ನ ಪ್ಲೇಟು ಕೈಗೆ ಬಂದವು. ಚೆನ್ನಾಗಿದ್ದವೋ ಕೆಟ್ಟಿದ್ದವೋ ನನಗೆ ತಿಳಿಯಲಿಲ್ಲ. ಒಳ್ಳೆಯ ಪ್ಲೇಟು ಹೇಗಿರುತ್ತದೆಂದು ನೋಡಿದ್ದರೆ ತಾನೆ? ಸ್ಪ್ರಿಂಗು ಸಡಿಲಾಗಿರಬಹುದೆಂದು ಪ್ರತಿಯೊಂದರ ಬುಡಕ್ಕೆ ಒಂದೊಂದು ವಾಷರ್ ಇಟ್ಟು ಬಿಗಿ ಮಾಡಿದೆ. ಬಸಿದ ಎಣ್ಣೆ ಕಪ್ಪಾಗಿತ್ತು. ಅದರ ಬದಲು, ಅಳಿಯಂದಿರ ಕಾರಿಗೆ ಹಾಕಿ ಉಳಿದಿದ್ದ, ಮೇಲಾದ ಎಣ್ಣೆಯ ಡಬ್ಬಿಯನ್ನೇ ಸುರಿದೆ. ಕಾರಿಗೆ ಒಗ್ಗಿದ್ದು ಇವಳಿಗೆ ಒಗ್ಗದೆ ಇರುತ್ತದೆಯೆ?

ಎರಡು ದಿನ ಓಡಿತು. ಲಿವರ್ ಮಾತ್ರ ಬಾವಿಯಿಂದ ಕೊಡ ಎಳೆದಷ್ಟು ಭಾರ. ಎಡಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಮೂರನೆಯ ದಿನ ಮತ್ತೆ 'ಒಂಯ್'.

ಸವದತ್ತಿಯಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ. ಅಂಗಡಿಗೆ ಬೋರ್ಡಿಲ್ಲ, ಬಾಗಿಲಲ್ಲಿ ತೂಗುಬಿಟ್ಟ ಹಳೆಯ ಚೈನುಗಳೇ ತೋರಣ. ಗಾಡಿ ತಂದು ನಿಲ್ಲಿಸಿದಾಗ ಅವರು ಎದ್ದು ಬರಲಿಲ್ಲ. ಕೂತಲ್ಲಿಂದಲೇ ಕೇಳಿದ ಮೊದಲ ಪ್ರಶ್ನೆ: "ಕೇಬಲ್ ಹೊಸಾದು ಹಾಕೀರೇನ್ರಿ ಸರ?"

"ಹೊಸಾ ಕೇಬಲ್ ತಂದೇನ್ರಿ" ಅಂದೆ.

ಈ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಬಿಡಿಸಬೇಕು. ಅವರು ಕೇಳಿದ್ದು ಹಾಕುವ ಮಾತು. ನಾನು ಹೇಳಿದ್ದು ತರುವ ಮಾತು. ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಸಾಮಾನಿನ ಅಂಗಡಿಯಿಂದ ಕೇಬಲ್ ತಂದದ್ದು ನಿಜ. ಅದು ಪೇಪರಿನಲ್ಲಿ ಸುತ್ತಿದ ಹಾಗೆಯೇ ನಮ್ಮ ಗೋಡೆಯ ಮಾಡದಲ್ಲಿ, ಅವ್ವನ ಬತ್ತಿಯ ಡಬ್ಬಿಯ ಪಕ್ಕ ಇತ್ತು. "ಪಾಠ ಓದೀಯೇನು?" ಎಂದರೆ "ಪುಸ್ತಕ ತಂದೇನ್ರಿ ಸರ" ಎನ್ನುವ ಹುಡುಗರನ್ನು ನಾನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಷ್ಟು ಸಲೀಸಾಗಿ ಆ ಉತ್ತರ ನನ್ನ ಬಾಯಿಗೆ ಎಲ್ಲಿಂದ ಬಂತೆಂದರೆ, ಅವರಿಂದಲೇ ಕಲಿತದ್ದಿರಬೇಕು. ಇಷ್ಟೆಲ್ಲ ಬಿಚ್ಚಿ ಜೋಡಿಸಿದವನು ಕೇಬಲ್ಲನ್ನೇ ನೋಡಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಮಿಸ್ತ್ರಿ ತಲೆದೂಗಿದರು. ಮಾಸ್ತರರ ಮಾತನ್ನು ನಂಬುವ ತಲೆಮಾರಿನವರು.

ಮುಚ್ಚಳ ಬಿಚ್ಚಿದರು. ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದರು. "ಕಾರಿನ ಎಣ್ಣಿ ಹಾಕೀರೇನ್ರಿ?" ಅದನ್ನು ಒಪ್ಪಿಕೊಂಡೆ, ಒಂದು ಸುಳ್ಳಿಗೆ ಒಂದು ನಿಜ ಇರಲಿ ಎಂದು. ಕಾರಿನ ಕ್ಲಚ್ಚು ಒಣಗಿನ ಜಾಗದಲ್ಲಿ ಬೇರೆ ಇರುತ್ತದೆ, ಅದರ ಎಣ್ಣೆಗೆ ಜಾರುವ ಮದ್ದು ಸೇರಿಸಿದರೆ ನಡೆಯುತ್ತದೆ. ನಮ್ಮ ಗಾಡಿಯಲ್ಲಿ ಕ್ಲಚ್ಚು ಎಣ್ಣೆಯಲ್ಲೇ ಮುಳುಗಿ ಕೂತಿರುತ್ತದೆ. ಹಿಡಿಯಬೇಕಾದವನ ಕೈಗೇ ಜಾರುವ ಎಣ್ಣೆ ಹಚ್ಚಿದಂತೆ. ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬಿಯ ಮೇಲೆ 'ಜಾಸೊ ಎಂಎ' ಎಂದು ಬರೆದ ಮೋಟಾರು ಸೈಕಲ್ಲಿನ ಎಣ್ಣೆಯೇ ಆಗಬೇಕು ಎಂದರು. ಆಮೇಲೆ ನನ್ನ ವಾಷರುಗಳನ್ನು ಒಂದೊಂದಾಗಿ ಹೊರತೆಗೆದು, ಏನೂ ಅನ್ನದೆ, ನನ್ನ ಅಂಗೈಯಲ್ಲಿಟ್ಟರು. ಜಾತ್ರೆಯಲ್ಲಿ ಚಿಲ್ಲರೆ ಕೊಟ್ಟ ಹಾಗೆ.

ಪ್ಲೇಟು ನೋಡಿ, "ಇನ್ನೂ ಜೀವ ಐತ್ರಿ ಇವಕ್ಕ" ಅಂದರು. "ಬದಲಿ ಮಾಡಿಬಿಡ್ರಿ" ಎಂದೆ. ಅಷ್ಟು ದೂರ ಬಂದು ಏನಾದರೂ ದೊಡ್ಡದು ಬದಲಿಸದೆ ಹೋದರೆ ರಿಪೇರಿ ಆದಂತೆ ಅನಿಸುವುದಿಲ್ಲ. ಡಾಕ್ಟರು ಸೂಜಿ ಚುಚ್ಚದೆ ಕಳಿಸಿದರೆ ನಮ್ಮವ್ವನಿಗೂ ಹಾಗೇ. ಅವರು ಹೊಸ ಪ್ಲೇಟುಗಳನ್ನು ಒಂದು ಬೋಗುಣಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಯಿಟ್ಟರು. ಮಡಕಿ ಕಾಳು ನೆನೆಯಿಟ್ಟ ಹಾಗಿತ್ತು.

ಹಳೆಯ ಪ್ಲೇಟೊಂದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತೆ. ಕಾರ್ಕೆಂದರೆ ನಮ್ಮ ಬಾಟ್ಲಿಯ ಬೂಚು. ಅದು ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಅರ್ಧದಷ್ಟು ಪೋರ್ಚುಗಲ್ ದೇಶ ಒಂದರಲ್ಲೇ ಬೆಳೆಯುತ್ತದೆ. ಸಸಿ ನೆಟ್ಟು ಸುಮಾರು 25 ವರ್ಷ ಕಾದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ 9 ವರ್ಷಕ್ಕೊಮ್ಮೆ. ಮರ ಸಾಯುವುದಿಲ್ಲ, ಮತ್ತೆ ತೊಗಟೆ ಕಟ್ಟುತ್ತದೆ. ನಮ್ಮ ಸಾಲಿಯ ವಿಜ್ಞಾನದ ಮಾಸ್ತರರು ಪ್ರತಿವರ್ಷ ಹೇಳುತ್ತಿದ್ದುದು ನೆನಪಾಯಿತು: 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಇದೇ ಬೂಚಿನ ತೆಳ್ಳಗಿನ ಹೋಳು ಇಟ್ಟು ನೋಡಿ, ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆ ಕಂಡು, ಅವಕ್ಕೆ 'ಸೆಲ್' ಎಂದು ಹೆಸರಿಟ್ಟ. ಆ ಕೋಣೆಗಳಲ್ಲಿ ತುಂಬಿದ ಗಾಳಿಯಿಂದಲೇ ಬೂಚು ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ, ಎಣ್ಣೆಯಲ್ಲಿ ನೆನೆದರೂ ಹಿಡಿತ ಬಿಡುವುದಿಲ್ಲ. ಎಲ್ಲಿಯ ಪೋರ್ಚುಗಲ್ಲು, ಎಲ್ಲಿಯ ಎಲ್ಲಮ್ಮನ ಗುಡ್ಡ! ಇಷ್ಟು ವರ್ಷ ನಮ್ಮಪ್ಪನ ತೆಂಗಿನಕಾಯಿಯನ್ನು ಮೇಲೆ ಹೊತ್ತದ್ದು ಯಾವುದೋ ಸಮುದ್ರದಾಚೆಯ ಮರದ ತೊಗಟೆ. ಇದನ್ನು ಮಿಸ್ತ್ರಿಗೆ ಹೇಳಿದೆ. ಅವರು, "ಮದ್ಲ ಇದು ಸಿಗಲಾರದಾಗ ನಾವು ಸ್ವಾಡಾ ಬಾಟ್ಲಿ ಬೂಚು ಕೊರದು ಹಾಕಿದ್ವಿರಿ, ಒಂದ ಜಾತ್ರಿ ಮಟ ಓಡ್ತಿತ್ತು" ಅಂದರು. ಹುಕ್‌ನ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಎಲ್ಲ ಜೋಡಿಸಿ, ಹೊಸ ಎಣ್ಣೆ ಹಾಕಿ, ಒಳಗಿನ ಸ್ಕ್ರೂ ಅಡ್ಜಸ್ಟ್ ಮಾಡಿ ಕೊಟ್ಟರು. ಊರೊಳಗೆ ಹೂವಿನ ಹಾಗೆ ಓಡಿತು. ಜೋಗುಳಬಾವಿ ದಾಟಿ ಏರು ಬಂದಿತೋ ಇಲ್ಲವೋ, ಮೊದಲಿನದೇ ರಾಗ. ಎರಡು ಸಲ ಕೊರಳು ಕೆರೆದುಕೊಂಡು ಮೂರನೆಯ ಸಲಕ್ಕೆ ಪೂರ್ತಿ ಚೌಡಿಕೆ.

ಗಾಡಿ ತಿರುಗಿಸಿ ಮಿಸ್ತ್ರಿಯ ಮುಂದೆ ನಿಲ್ಲಿಸಿದೆ. ಈ ಸಲ ಅವರು ಎದ್ದು ಬಂದರು. ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ. ಹ್ಯಾಂಡಲಿನ ಎಡಕ್ಕೆ ನಿಂತು ಲಿವರ್ ಹಿಡಿದರು, ಬಿಟ್ಟರು. ಹಿಡಿದರು, ಬಿಟ್ಟರು. ಬಿಟ್ಟಾಗ ಅದು 'ಟಪ್' ಎಂದು ಹಿಂದೆ ಬರಬೇಕು. ಮಧ್ಯಾಹ್ನದ ಊಟ ಮುಗಿಸಿ ಎದ್ದ ಗುಮಾಸ್ತನ ಹಾಗೆ ನಿಧಾನವಾಗಿ ಬಂದು, ಅರ್ಧದಲ್ಲೇ ನಿಂತಿತು. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು. ಲಿವರ್ ತಾನಾಗಿ ಒಂದು ಗುಂಜಿಯಷ್ಟು ಸರಿಯಿತು. ಮಿಸ್ತ್ರಿ ನನ್ನ ಮುಖ ನೋಡಿದರು.

"ಇದು ಹೊಸಾ ಕೇಬಲ್ ಏನ್ರಿ ಸರ?"

"ಹೊಸಾದು ಮನ್ಯಾಗ ಐತ್ರಿ" ಅಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೇಬಲ್ಲನ್ನು ಮೇಲಿನಿಂದ ಕಳಚಿ, ಒಳಗಿನ ತಂತಿ ಜಗ್ಗಿದರು. ಬರಲಿಲ್ಲ. ಜೋರಾಗಿ ಜಗ್ಗಿದಾಗ ತಂತಿಯ ಜೊತೆಗೆ ಹಳದಿ ಬಣ್ಣದ ಏನೋ ಮೆತ್ತಗೆ ಹೊರಬಂತು. ಬೆರಳಿಗೆ ತಗೊಂಡು ಮೂಸಿದರು. ಮುಖ ಅರಳಿತು. "ಯಪ್ಪಾ, ಭಂಡಾರ್ರಿ ಇದು!"

ಮೂವತ್ತೈದು ವರ್ಷಗಳ ಹುಣ್ಣಿಮೆಗಳು ಆ ಕೇಬಲ್ಲಿನ ಬಾಯಲ್ಲಿ ಕೂತಿದ್ದವು. ಅವ್ವ ಹಚ್ಚಿದ ಭಂಡಾರ ಲಿವರಿನ ಸಂದಿಯಿಂದ ಇಳಿದು, ಮಳೆನೀರು, ಜಿಡ್ಡು ಕೂಡಿ, ಅರಿಷಿಣದ ಗಾರೆಯಾಗಿ ತಂತಿಯನ್ನು ಹಿಡಿದುಕೊಂಡಿತ್ತು. ಅಪ್ಪನ ಕಾಲದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಅವನು ಲಿವರ್ ಹಿಡಿದರಲ್ಲವೆ? ಅದರ ಮೇಲೆ ನಾನು ಎತ್ತರದ ಹ್ಯಾಂಡಲ್ ಹಾಕಿ ಹಳೆಯ ಕೇಬಲ್ಲನ್ನೇ ಅಲ್ಲಿಯ ತನಕ ಎಳೆದು ಸಿಕ್ಕಿಸಿದ್ದೆ. ಯಾವಾಗಲೂ ಒಂದಿಷ್ಟು ಜಗ್ಗಿಕೊಂಡೇ ಇದ್ದ ಕೇಬಲ್ಲಿನಿಂದ ಕ್ಲಚ್ಚು ಯಾವಾಗಲೂ ಒಂದಿಷ್ಟು ಬಿಟ್ಟುಕೊಂಡೇ ಇತ್ತು. ಸಪಾಟ ದಾರಿಯಲ್ಲಿ ಹೇಗೋ ಹಿಡಿದುಕೊಂಡಿದ್ದು, ಏರಿನಲ್ಲಿ ಕೈ ಚೆಲ್ಲುತ್ತಿತ್ತು. ಕೇಬಲ್ಲಿಗೆ ಯಾವತ್ತೂ ಎರಡು ಮೂರು ಮಿಲಿಮೀಟರಿನಷ್ಟು ಸಡಿಲು ಇರಬೇಕು. ನಾನು ಬಿಚ್ಚಿದ್ದೆಲ್ಲ ಸರಿಯಿತ್ತು, ಬಿಚ್ಚದೆ ಬಿಟ್ಟದ್ದೊಂದು ತಪ್ಪಿತ್ತು.

"ಹದಿನಾರಾಣೆ ತಪ್ಪಿನಾಗ ಎರಡಾಣೆ ಅವ್ವಂದ್ರಿ, ಆರಾಣೆ ಹ್ಯಾಂಡಲಿಂದು" ಎಂದು ಮಿಸ್ತ್ರಿ ಲೆಕ್ಕ ಹಾಕಿದರು. ಉಳಿದ ಎಂಟಾಣೆಯನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಯಾವ ಅವ್ವ, ಮನೆಯಾಕೆಯೋ ಗುಡ್ಡದಾಕೆಯೋ ಎಂದು ನಾನೂ ಕೇಳಲಿಲ್ಲ.

ಮನೆಗೆ ಹೋಗಿ ಮಾಡದಿಂದ ಕೇಬಲ್ ತಂದೆ. ಎತ್ತರದ ಹ್ಯಾಂಡಲಿಗೆ ಅದು ನಾಲ್ಕು ಬೆರಳು ಸಾಲಲಿಲ್ಲ. "ಕೇಬಲ್ ಉದ್ದ ಮಾಡ್ಸೂದೋ, ಹ್ಯಾಂಡಲ್ ಇಳಸೂದೋ?" ಎಂದರು ಮಿಸ್ತ್ರಿ. ಮತ್ತೊಮ್ಮೆ ಮನೆಗೆ ಹೋಗಿ, ಅಟ್ಟ ಹತ್ತಿ, ಅಪ್ಪನ ಹಳೆಯ ಹ್ಯಾಂಡಲ್ ತಂದೆ. ಅದರ ಎಡಗಡೆಯ ರಬ್ಬರಿನ ಹಿಡಿಕೆ ಹೊಸದರಂತಿತ್ತು, ಬಲಗಡೆಯದು ಸವೆದು ನುಣುಪಾಗಿತ್ತು. ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು. ಕೇಬಲ್ಲಿನದಕ್ಕೆ ದುಡ್ಡು ತಗೊಳ್ಳಲಿಲ್ಲ, ಪ್ಲೇಟಿನದಕ್ಕೆ ತಗೊಂಡರು.

ಮುಂದಿನ ಮಂಗಳವಾರ ಮಾವನವರನ್ನು ಹಿಂದೆ ಕೂರಿಸಿಕೊಂಡು ಗುಡ್ಡ ಹತ್ತಿದೆ. ಸದ್ದೂ ಗಾಡಿಯೂ ಕೂಡಿಯೇ ಹೋದವು. ಅರ್ಧ ದಾರಿಯ ತನಕ ಅವರು ಸುಮ್ಮನಿದ್ದರು. ತಿರುವಿನಲ್ಲಿ ಗುಡಿಯ ಶಿಖರ ಕಂಡಾಗ, "ಏನಾಗಿತ್ತಂತ?" ಎಂದು ಕೇಳಿದರು. "ಹಗ್ಗ, ಮಾಮಾ" ಅಂದೆ. ಅವರು ಜೋರಾಗಿ 'ಉಧೋ' ಎಂದು ಕೂಗಿದರು. ಅದು ದೇವಿಗೋ ತಮಗೋ ಹೇಳಲಾರೆ.

ಅವ್ವ ಈಗ ಭಂಡಾರವನ್ನು ಹಿಂದಿನ ಮಡ್‌ಗಾರ್ಡಿಗೆ ಹಚ್ಚುತ್ತಾಳೆ. ಜೀವ ಇರುವ ಕಾರ್ಕ್ ಪ್ಲೇಟುಗಳ ಒಂದು ಜೊತೆ, ಒಂದು ಹಿಡಿ ವಾಷರು, ಮತ್ತು ರಾಜನ ಹಾಗೆ ಕಾಣಿಸುವ ಒಂದು ಎತ್ತರದ ಹ್ಯಾಂಡಲ್ ನಮ್ಮ ಅಟ್ಟದ ಮೇಲಿವೆ. ಯೆಜ್ಡಿ ಇದ್ದವರು ಯಾರಾದರೂ ಉಗರಗೋಳಕ್ಕೆ ಬಂದರೆ ಸುಮ್ಮನೆ ಕೊಡುತ್ತೇನೆ. ಹುಣ್ಣಿಮೆ ಬಿಟ್ಟು ಬೇರೆ ದಿನ ಬನ್ನಿ, ಹುಣ್ಣಿಮೆಗೆ ನಮ್ಮೂರಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ.